ಬ್ಯಾಟರಿ ಲೈಟ್ ಹತ್ಕೊಂಡ ತಕ್ಷಣ ಬ್ಯಾಟರಿ ಬದಲಾಯಿಸ್ಬೇಡಿ, ಮೊದಲು ಮೀಟರ್ ಹಿಡಿದು ನೋಡಿ

ಡ್ಯಾಶ್‌ಬೋರ್ಡಲ್ಲಿ ಪ್ಲಸ್ ಮೈನಸ್ ಇರೋ ಆ ಕೆಂಪು ಡಬ್ಬಿ ಚಿತ್ರ ಗಾಡಿ ಓಡ್ತಿರೋವಾಗ ಹತ್ಕೊಂಡ್ರೆ ತುಂಬಾ ಜನ ಮಾಡೋ ಮೊದಲ ಕೆಲಸ ಹೊಸ ಬ್ಯಾಟರಿ ಹಾಕ್ಸೋದು. ನಾನೂ ಅದನ್ನೇ ಮಾಡಿದ್ದೆ, ದುಡ್ಡೂ ಹೋಯ್ತು, ತೊಂದ್ರೆನೂ ಹಾಗೇ ಉಳೀತು. ಆ ಲೈಟಿಗೆ ಬ್ಯಾಟರಿ ಚಿತ್ರ ಇದೆ ಅಷ್ಟೇ, ಅದು ಹೇಳೋದು ಚಾರ್ಜಿಂಗ್ ವಿಷ್ಯ. ಇಂಜಿನ್ ಓಡ್ತಿದ್ರೂ ಆಲ್ಟರ್ನೇಟರಿಂದ (ಬೆಲ್ಟ್ ಮೂಲಕ ಇಂಜಿನ್ ತಿರುಗಿಸೋ, ಕರೆಂಟ್ ಹುಟ್ಸೋ ಯಂತ್ರ, ಹಳೇ ಮೆಕ್ಯಾನಿಕ್‌ಗಳು ಇವತ್ತಿಗೂ ಡೈನಮೋ ಅಂತಾನೇ ಅಂತಾರೆ) ಬರ್ಬೇಕಾದ ಕರೆಂಟು ಸರಿಯಾಗಿ ಬರ್ತಿಲ್ಲ ಅಂತ ಅರ್ಥ. ಬ್ಯಾಟರಿ ಪೂರ್ತಿ ಸತ್ತಿದ್ರೂ ಈ ಲೈಟ್ ಬರದೇ ಇರಬಹುದು, ನಿನ್ನೆ ತಂದ ಹೊಸ ಬ್ಯಾಟರಿ ಇದ್ರೂ ಉರೀಬಹುದು. ಇದೊಂದು ತಲೇಲಿದ್ರೆ ಅರ್ಧ ಖರ್ಚು ಉಳಿಯುತ್ತೆ.

ರೋಡಲ್ಲಿ ಹೋಗ್ತಿರೋವಾಗ ಬಂದ್ರೆ

ಮೊದಲು ಕಣ್ಣು ಹಾಯಿಸ್ಬೇಕಾಗಿರೋದು ಟೆಂಪರೇಚರ್ ಮುಳ್ಳಿನ ಕಡೆ. ಯಾಕಂದ್ರೆ ತುಂಬಾ ಗಾಡಿಗಳಲ್ಲಿ ಆಲ್ಟರ್ನೇಟರ್ ತಿರುಗಿಸೋ ಬೆಲ್ಟೇ ವಾಟರ್ ಪಂಪನ್ನೂ ತಿರುಗಿಸುತ್ತೆ, ಬೆಲ್ಟ್ ಕಿತ್ತೋಗಿದ್ರೆ ಚಾರ್ಜಿಂಗ್ ಜೊತೆಗೆ ಇಂಜಿನ್ ತಣ್ಣಗಾಗೋದೂ ನಿಂತುಹೋಗುತ್ತೆ. ಮುಳ್ಳು ಮೇಲೇರ್ತಿದ್ರೆ, ಅಥವಾ ಸ್ಟೀರಿಂಗ್ ಇದ್ದಕ್ಕಿದ್ದಂಗೆ ಗಟ್ಟಿಯಾದ್ರೆ (ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಇರೋ ಗಾಡೀಲಿ ಅದಕ್ಕೂ ಸಾಮಾನ್ಯವಾಗಿ ಅದೇ ಬೆಲ್ಟು), ಇನ್ನೊಂದ್ ಸ್ವಲ್ಪ ದೂರ ಹೋಗ್ಬಿಡೋಣ ಅಂತ ಯೋಚ್ನೆ ಮಾಡ್ಲೇಬೇಡಿ, ಸೈಡಿಗೆ ಹಾಕಿ ಆಫ್ ಮಾಡಿ. ಚಾರ್ಜಿಂಗ್ ರಿಪೇರಿ ಸಣ್ಣದು, ಇಂಜಿನ್ ಕಾದು ಅದರ ಮೇಲಿನ ಹೆಡ್ ಬೆಂಡಾದ್ರೆ ಅದು ದೊಡ್ಡದು.

ಮುಳ್ಳು ನಾರ್ಮಲ್ ಇದ್ರೆ ಗಾಡಿ ಈಗ ಬರೀ ಬ್ಯಾಟರಿ ಮೇಲೆ ಓಡ್ತಿದೆ ಅಂದ್ಕೊಳ್ಳಿ. 45 ಆಂಪ್ ಅವರ್ ಬ್ಯಾಟರಿ, ಗಾಡಿ 20 ಆಂಪ್ ಎಳೀತಿದೆ ಅಂದ್ರೆ ಲೆಕ್ಕದಲ್ಲಿ ಎರಡು ಗಂಟೆ ಮೇಲೆ ಬರ್ಬೇಕು, ಆದ್ರೆ ಅಷ್ಟು ಬರಲ್ಲ, ಬ್ಯಾಟರಿ ಪೂರ್ತಿ ಖಾಲಿ ಆಗೋಕೆ ಮುಂಚೇನೇ ವೋಲ್ಟೇಜ್ ಬಿದ್ದು ಫ್ಯುಯೆಲ್ ಪಂಪು, ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಎಲ್ಲಾ ತಡವರಿಸೋಕೆ ಶುರುವಾಗುತ್ತೆ. ಎಸಿ, ಬ್ಲೋವರ್, ಹಿಂದಿನ ಗ್ಲಾಸಿನ ಹೀಟರ್, ಮ್ಯೂಸಿಕ್, ಮೊಬೈಲ್ ಚಾರ್ಜರ್ ಎಲ್ಲಾ ಆಫ್ ಮಾಡಿ. ರಾತ್ರಿ ಆದ್ರೆ ಹೆಡ್‌ಲೈಟ್ ಮಾತ್ರ ಆರಿಸ್ಬೇಡಿ, ಹೋಗೋ ದೂರ ಕಮ್ಮಿ ಮಾಡ್ಕೊಳ್ಳಿ. ಮಧ್ಯದಲ್ಲೆಲ್ಲೂ ಇಂಜಿನ್ ಆಫ್ ಮಾಡ್ಬೇಡಿ, ಮತ್ತೆ ಸೆಲ್ಫ್ ಹೊಡೆಯೋಷ್ಟು ಶಕ್ತಿ ಉಳಿದಿರುತ್ತೆ ಅಂತ ಗ್ಯಾರಂಟಿ ಇಲ್ಲ.

ಇನ್ನೊಂದು, ಇದನ್ನ ದಯವಿಟ್ಟು ಮಾಡ್ಬೇಡಿ. ಇಂಜಿನ್ ಓಡ್ತಿರೋವಾಗ ಬ್ಯಾಟರಿ ಟರ್ಮಿನಲ್ ಕಿತ್ತು "ಗಾಡಿ ಓಡ್ತಾನೇ ಇದ್ರೆ ಆಲ್ಟರ್ನೇಟರ್ ಸರಿ ಇದೆ" ಅಂತ ನೋಡೋ ಪದ್ಧತಿ ಇದೆಯಲ್ಲ, ಅದು ಎಲೆಕ್ಟ್ರಾನಿಕ್ಸ್ ಇಲ್ದಿರೋ ಕಾಲದ್ದು. ಬ್ಯಾಟರಿ ಅನ್ನೋದು ಆ ಲೈನಲ್ಲಿ ಒಂದು ದೊಡ್ಡ ತೊಟ್ಟಿ ಇದ್ದಂಗೆ, ಕರೆಂಟ್ ಹರೀತಿರೋವಾಗ ತೊಟ್ಟೀನ ಒಮ್ಮೆಲೇ ಕಿತ್ತುಬಿಟ್ರೆ ವೋಲ್ಟೇಜ್ ಕ್ಷಣದಲ್ಲಿ ಹತ್ತಾರು ವೋಲ್ಟ್ ಮೇಲೆ ಎಗರುತ್ತೆ, ಆಲ್ಟರ್ನೇಟರಿನ ವೋಲ್ಟೇಜ್ ಹಿಡಿತದಲ್ಲಿಡೋ ರೆಗ್ಯುಲೇಟರ್ ಹೋಗ್ಬಹುದು, ಅದರೊಳಗೆ ಎಸಿ ಕರೆಂಟನ್ನ ಡಿಸಿ ಮಾಡೋ ಡಯೋಡ್ ಹೋಗ್ಬಹುದು, ಇಸಿಯುನೂ ಹೋಗ್ಬಹುದು.

ಮೀಟರ್ ತೆಗೆಯೋಕೆ ಮುಂಚೆ

ಕೀ ಆನ್ ಮಾಡಿ, ಸ್ಟಾರ್ಟ್ ಮಾಡ್ಬೇಡಿ. ಈಗ ಬ್ಯಾಟರಿ ಲೈಟ್ ಉರೀಲೇಬೇಕು. ಉರೀಲಿಲ್ಲ ಅಂದ್ರೆ ಅದೇ ಒಂದು ಸುಳಿವು. ಹಳೇ ಥರದ ಗಾಡಿಗಳಲ್ಲಿ ಈ ಲೈಟಿನ ಮೂಲಕ ಹೋಗೋ ಚೂರು ಕರೆಂಟೇ ಆಲ್ಟರ್ನೇಟರ್ ಒಳಗೆ ತಿರುಗೋ ಭಾಗಕ್ಕೆ, ಅಂದ್ರೆ ರೋಟರಿಗೆ, ಮೊದಲ ಮ್ಯಾಗ್ನೆಟಿಸಂ ಕೊಡೋದು, ಬಲ್ಬ್ ಸುಟ್ಟಿದ್ರೆ ಅಥವಾ ಆ ಸಣ್ಣ ವೈರ್ ಕಟ್ಟಾಗಿದ್ರೆ ಆಲ್ಟರ್ನೇಟರ್ ಎಚ್ಚರಾನೇ ಆಗಲ್ಲ, ಜೋರಾಗಿ ರೇಸ್ ಕೊಟ್ಟಾಗ ಮಾತ್ರ ಚಾರ್ಜ್ ಶುರುವಾಗುತ್ತೆ. "ಸ್ಟಾರ್ಟ್ ಮಾಡಿದಾಗ ಚಾರ್ಜ್ ಇಲ್ಲ, ಒಂದ್ಸಲ ರೇಸ್ ಕೊಟ್ರೆ ಸರಿಹೋಗುತ್ತೆ" ಅಂತ ಯಾರಾದ್ರೂ ಹೇಳಿದ್ರೆ ನಾನು ಮೊದಲು ಅನುಮಾನ ಪಡೋದು ಈ ವೈರನ್ನೇ.

ಆಮೇಲೆ ಬಾನೆಟ್ ಎತ್ತಿ ಇಂಜಿನ್ ಆಫ್ ಇದ್ದಾಗ ಬೆಲ್ಟ್ ನೋಡಿ. ಸಡಿಲ ಇದೆಯಾ, ಒಳಮೈ ಗಾಜಿನ ಥರ ಹೊಳೀತಿದೆಯಾ, ಬಿರುಕು ಬಿಟ್ಟಿದೆಯಾ, ಆಯಿಲ್ ಬಿದ್ದಿದೆಯಾ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಅಥವಾ ಮಳೇಲಿ ಕೀಂಯ್ ಅಂತ ಕೂಗಿ ಲೈಟ್ ಮಿಣುಕಿ ಆಮೇಲೆ ಸರಿಹೋಗುತ್ತೆ ಅಂದ್ರೆ ಬೆಲ್ಟ್ ಜಾರ್ತಿದೆ, ಅಥವಾ ಅದನ್ನ ಬಿಗಿಯಾಗಿ ಹಿಡಿಯೋ ಟೆನ್ಷನರ್ ಸೋತಿದೆ. ಕೆಲವು ಗಾಡಿಗಳಲ್ಲಿ, ಅದ್ರಲ್ಲೂ ಡೀಸೆಲ್ ಗಾಡಿಗಳಲ್ಲಿ, ಆಲ್ಟರ್ನೇಟರ್ ಪುಲ್ಲಿ ಸೈಕಲ್ಲಿನ ಫ್ರೀವೀಲ್ ಥರ ಒಂದೇ ಕಡೆ ಹಿಡಿಯುತ್ತೆ, ಅದು ಹಾಳಾಗಿ ಎರಡೂ ಕಡೆ ಜಾರೋಕೆ ಶುರುವಾದ್ರೆ ಬೆಲ್ಟ್ ಚೆನ್ನಾಗೇ ಓಡ್ತಿರುತ್ತೆ, ಒಳಗಿನ ರೋಟರ್ ಮಾತ್ರ ತಿರುಗ್ತಿರಲ್ಲ. ಬೆಲ್ಟ್ ನೋಡಿ ಸರಿ ಇದೆ ಅಂತ ಮುಂದೆ ಹೋದೋರು ಇಲ್ಲಿ ಮೋಸ ಹೋಗ್ತಾರೆ.

ಬ್ಯಾಟರಿ ಟರ್ಮಿನಲ್ಲನ್ನ ಕೈಯಲ್ಲಿ ತಿರುಗಿಸಿ ನೋಡಿ, ಅಲ್ಲಾಡಿದ್ರೆ ಅದೇ ತಪ್ಪು. ಬಿಳಿ ಹಸಿರು ಪುಡಿ ಹಿಡ್ದಿದ್ರೆ ನೆಗೆಟಿವ್ ಮೊದಲು ಬಿಚ್ಚಿ, ಆಮೇಲೆ ಪಾಸಿಟಿವ್, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು ಒರೆಸಿ, ಪಾಲಿಶ್ ಪೇಪರಲ್ಲಿ ಹೊಳಪು ಬರೋವರೆಗೆ ಉಜ್ಜಿ, ಹಾಕೋವಾಗ ಪಾಸಿಟಿವ್ ಮೊದಲು, ನೆಗೆಟಿವ್ ಕೊನೇಲಿ. ಕೈಯಲ್ಲಿ ಉಂಗುರ, ಬಳೆ, ಲೋಹದ ವಾಚ್ ಇದ್ರೆ ತೆಗೆದಿಟ್ಟು ಶುರು ಮಾಡಿ. ಬ್ಯಾಟರಿ ಹತ್ರ ಬೆಂಕಿ, ಕಿಡಿ ಬೇಡ, ಚಾರ್ಜ್ ಆಗೋವಾಗ ಹೈಡ್ರೋಜನ್ ಬರುತ್ತೆ.

ಮೂರು ರೀಡಿಂಗ್

ಒಂದು ಸಾಧಾರಣ ಮಲ್ಟಿಮೀಟರ್ ಸಾಕು, ಡಿಸಿ 20 ವೋಲ್ಟ್ ರೇಂಜಿಗಿಡಿ. ಕಡ್ಡಿಗಳನ್ನ ವೈರಿನ ಕ್ಲಾಂಪ್ ಮೇಲಲ್ಲ, ಬ್ಯಾಟರಿಯ ಸೀಸದ ಗೂಟದ ಮೇಲೇ ಒತ್ತಿ ಹಿಡೀಬೇಕು.

ಮೊದಲನೇದು ಗಾಡಿ ರಾತ್ರಿಯಿಡೀ ನಿಂತ ಮೇಲೆ. 12.6 ಅಥವಾ ಸ್ವಲ್ಪ ಜಾಸ್ತಿ ಇದ್ರೆ ಬ್ಯಾಟರಿ ತುಂಬಿದೆ, 12.4 ಅಂದ್ರೆ ಹತ್ರ ಹತ್ರ ಮುಕ್ಕಾಲು, 12.2 ಅಂದ್ರೆ ಅರ್ಧ, 12ಕ್ಕಿಂತ ಕೆಳಗಿದ್ರೆ ಖಾಲಿ ಅಂತಾನೇ ತಿಳ್ಕೊಳ್ಳಿ. ಒಳಗೆ ಆರು ಸೆಲ್, ಒಂದೊಂದು 2.1 ವೋಲ್ಟು, ಹಾಗಾಗಿ ಎಷ್ಟು ಚಾರ್ಜ್ ಮಾಡಿದ್ರೂ ಹತ್ತೂವರೆ ಹತ್ರಾನೇ ನಿಲ್ತಿದ್ರೆ ಒಂದು ಸೆಲ್ ಒಳಗೇ ಶಾರ್ಟ್ ಆಗಿದೆ, ಅದಕ್ಕೆ ಹೊಸ ಬ್ಯಾಟರಿ ಬಿಟ್ಟು ಬೇರೆ ದಾರಿ ಇಲ್ಲ. ಈಗಷ್ಟೇ ಓಡ್ಸಿಕೊಂಡು ಬಂದ ಗಾಡೀಲಿ 12.9 ಏನೋ ತೋರ್ಸುತ್ತೆ, ಅದನ್ನ ನಂಬ್ಬೇಡಿ, ಎರಡು ನಿಮಿಷ ಹೆಡ್‌ಲೈಟ್ ಹಾಕಿ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ನೋಡಿ.

ಎರಡನೇದು ಸೆಲ್ಫ್ ಹೊಡೆಯೋವಾಗ. ಇನ್ನೊಬ್ರನ್ನ ಕೀ ತಿರುಗಿಸೋಕೆ ಕೂರ್ಸಿ ನೀವು ಮೀಟರ್ ನೋಡಿ. ಮೊದಲ ಕ್ಷಣ ದಬಕ್ ಅಂತ ಕೆಳಗೆ ಬಿದ್ದು ಮೇಲೇಳುತ್ತೆ, ಅದು ಬಿಡಿ, ಇಂಜಿನ್ ತಿರುಗ್ತಿರೋವಾಗ 9.6ಕ್ಕಿಂತ ಕೆಳಗೆ ಹೋಗ್ಬಾರ್ದು. ಬ್ಯಾಟರಿ ತುಂಬಿದ್ದೂ ಅದಕ್ಕಿಂತ ಕೆಳಗೆ ಹೋಗ್ತಿದ್ರೆ ಬ್ಯಾಟರಿ ಸೋತಿದೆ, ಅಥವಾ ಸೆಲ್ಫ್ ಮೋಟಾರ್ ಜಾಸ್ತಿ ಎಳೀತಿದೆ. ಅರ್ಧ ಖಾಲಿ ಬ್ಯಾಟರಿ ಮೇಲೆ ಈ ಟೆಸ್ಟ್ ಮಾಡಿ ತೀರ್ಪು ಕೊಡ್ಬೇಡಿ, ಚಾರ್ಜ್ ಮಾಡಿ ಆಮೇಲೆ ನೋಡಿ.

ಮೂರನೇದು ಮುಖ್ಯವಾದದ್ದು, ಇಂಜಿನ್ ಓಡ್ತಿರೋವಾಗ. ಸ್ವಲ್ಪ ರೇಸ್ ಕೊಟ್ಟು 1500 ಆರ್‌ಪಿಎಂ ಹತ್ರ ಹಿಡೀರಿ, 13.8ರಿಂದ 14.7ರ ಒಳಗೆ ಬರ್ಬೇಕು. ನಿಂತಾಗ ಇದ್ದಷ್ಟೇ ತೋರ್ಸಿ ನಿಧಾನಕ್ಕೆ ಇಳೀತಾ ಹೋದ್ರೆ ಚಾರ್ಜಿಂಗ್ ಶೂನ್ಯ. 15 ದಾಟಿ ನಿಂತ್ರೆ ರೆಗ್ಯುಲೇಟರ್ ಕೈಬಿಟ್ಟಿದೆ, ಬ್ಯಾಟರಿ ಒಳಗೆ ಕುದಿಯುತ್ತೆ, ಕೊಳೆತ ಮೊಟ್ಟೆ ವಾಸ್ನೆ ಬರುತ್ತೆ, ಬಲ್ಬುಗಳು ಪದೇ ಪದೇ ಸುಟ್ಟುಹೋಗುತ್ವೆ, ಅಂಥ ಗಾಡೀನ ಓಡಿಸ್ಲೇಬೇಡಿ. 14 ಚಿಲ್ಲರೆ ಬಂತು ಅಂದ ಕೂಡ್ಲೇ ಖುಷಿಪಡೋದೂ ಬೇಡ, ಈಗ ಹೆಡ್‌ಲೈಟ್ ಹೈ ಬೀಮ್, ಬ್ಲೋವರ್ ಫುಲ್, ಹಿಂದಿನ ಗ್ಲಾಸ್ ಹೀಟರ್ ಎಲ್ಲಾ ಹಾಕಿ ಮತ್ತೆ ನೋಡಿ. ಸ್ವಲ್ಪ ಇಳಿಯೋದು ಸಹಜ, 13.5ರ ಆಸುಪಾಸಲ್ಲಿ ನಿಲ್ಬೇಕು. 13ಕ್ಕಿಂತ ಕೆಳಗೆ ಇಳೀತಾನೇ ಹೋದ್ರೆ ಲೋಡ್ ಎಳೆಯೋ ಶಕ್ತಿ ಇಲ್ಲ, ಅಥವಾ ದಾರೀಲಿ ಎಲ್ಲೋ ಸೋರ್ತಿದೆ.

ಈ ಸೋರೋ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ತೀನಿ, ನನ್ನ ಗಾಡೀಲಿ ಆಗಿದ್ದು ಇದೇ.

ಎರಡು ತುದಿ ನಡುವೆ

ನನ್ನ ಗಾಡೀಲಿ ಲೈಟ್ ಪೂರ್ತಿ ಉರೀತಿರ್ಲಿಲ್ಲ. ರಾತ್ರಿ ಹೆಡ್‌ಲೈಟ್ ಹಾಕ್ದಾಗ ಮಾತ್ರ ಕೆಂಡ ಬೂದಿ ಒಳಗಿದ್ದಂಗೆ ಮಂದವಾಗಿ ಕಾಣ್ತಿತ್ತು, ಹಗಲಲ್ಲಿ ಗೊತ್ತೇ ಆಗ್ತಿರ್ಲಿಲ್ಲ. ಸೆಲ್ಫ್ ಚೆನ್ನಾಗಿ ಹೊಡೀತಿತ್ತು, ಆದ್ರೆ ನಾಲ್ಕು ದಿನ ರಾತ್ರಿ ಓಡಾಟ ಆದ್ರೆ ಬ್ಯಾಟರಿ ಇಳ್ದುಹೋಗ್ತಿತ್ತು. ಒಬ್ರು ಬ್ಯಾಟರಿ ಅಂದ್ರು, ಹಾಕ್ಸಿದೆ. ಆಮೇಲೆ ಅವ್ರೇ ಆಲ್ಟರ್ನೇಟರ್ ಹೋಗಿದೆ, ಬದಲಾಯಿಸ್ಬೇಕು ಅಂದ್ರು. ಅಷ್ಟ್ರಲ್ಲಿ ನಾನು ಮೀಟರ್ ತಗೊಂಡಿದ್ದೆ. ಲೈಟೆಲ್ಲಾ ಹಾಕಿ ಬ್ಯಾಟರಿ ಗೂಟದ ಮೇಲೆ ನೋಡಿದ್ರೆ 13.1. ಆಲ್ಟರ್ನೇಟರ್ ಹಿಂದುಗಡೆ ದಪ್ಪ ವೈರ್ ಕೂತಿರೋ ಬೋಲ್ಟ್ ಇರುತ್ತಲ್ಲ, ಬಿ ಪ್ಲಸ್ ಅಂತಾರೆ, ಅದರ ಮೇಲೆ ನೋಡಿದ್ರೆ 14.5. ಆಲ್ಟರ್ನೇಟರ್ ತನ್ನ ಕೆಲಸ ಪೂರ್ತಿ ಮಾಡ್ತಿದೆ, 1.4 ವೋಲ್ಟ್ ದಾರೀಲೇ ಮಾಯ.

ಇಂಜಿನ್ ಆಫ್ ಮಾಡಿ, ನೆಗೆಟಿವ್ ಬಿಚ್ಚಿ, ಆ ದಪ್ಪ ವೈರಿನ ತುದಿ ತೆಗೆದ್ರೆ ವೈರನ್ನ ರಿಂಗಿಗೆ ಒತ್ತಿ ಕೂರ್ಸಿರೋ ಜಾಗ ಕಂದು ಬಣ್ಣಕ್ಕೆ ತಿರುಗಿತ್ತು, ಮೇಲಿನ ಪ್ಲಾಸ್ಟಿಕ್ ಬಿರುಸಾಗಿ ಮುಟ್ಟಿದ್ರೆ ಪುಡಿಯಾಗ್ತಿತ್ತು, ಒಳಗಿನ ತಾಮ್ರ ಎಳೆ ಎಳೆಯಾಗಿ ಕಪ್ಪಾಗಿತ್ತು. ಲೆಕ್ಕ ಹಾಕಿ ನೋಡಿ, 30 ಆಂಪ್ ಹರೀತಿದ್ರೆ 1.4ಕ್ಕೆ 42 ವ್ಯಾಟು, ಒಂದು ಸೋಲ್ಡರಿಂಗ್ ಐರನ್ನಿನಷ್ಟು ಬಿಸಿ ಆ ಬೆರಳಗಲ ಜಾಗದಲ್ಲಿ. ಲೈಟ್ ಯಾಕೆ ಮಂದವಾಗಿ ಉರೀತಿತ್ತು ಅನ್ನೋದೂ ಆಗ ಅರ್ಥ ಆಯ್ತು. ಆ ಬಲ್ಬಿನ ಒಂದು ಕಾಲು ಬ್ಯಾಟರಿ ಕಡೆ, ಇನ್ನೊಂದು ಕಾಲು ಆಲ್ಟರ್ನೇಟರ್ ಕಡೆ, ಎರಡೂ ಕಡೆ ವೋಲ್ಟೇಜ್ ಒಂದೇ ಇದ್ರೆ ಆರಿರುತ್ತೆ, ವ್ಯತ್ಯಾಸ ಇದ್ದಷ್ಟೂ ಉರಿಯುತ್ತೆ. 1.4 ವೋಲ್ಟ್ ವ್ಯತ್ಯಾಸ, ಅದಕ್ಕೇ ಕೆಂಡದ ಥರ. ಹೊಸ ರಿಂಗ್ ಹಾಕಿ ಸರಿಯಾಗಿ ಒತ್ತಿಸಿದ ಮೇಲೆ ಬ್ಯಾಟರಿ ಮೇಲೆ 14.3, ಲೈಟು ಕತ್ತಲಲ್ಲೂ ಆರಿತ್ತು. ಆಲ್ಟರ್ನೇಟರ್ ಅದೇ ಹಳೇದು.

ಹಾಗಾಗಿ ಆಲ್ಟರ್ನೇಟರ್ ಕೆಳಗಿಳಿಸೋ ಮೊದಲು ಈ ಟೆಸ್ಟ್ ಮಾಡಿ. ಇಂಜಿನ್ ಓಡ್ತಿರ್ಲಿ, ಲೋಡ್ ಎಲ್ಲಾ ಆನ್ ಇರ್ಲಿ, ಮೀಟರಿನ ಒಂದು ಕಡ್ಡಿ ಬಿ ಪ್ಲಸ್ ಬೋಲ್ಟ್ ಮೇಲೆ, ಇನ್ನೊಂದು ಬ್ಯಾಟರಿ ಪಾಸಿಟಿವ್ ಗೂಟದ ಮೇಲೆ. ಎರಡು ತುದಿ ನಡುವೆ ಎಷ್ಟು ಕಳೀತಿದೆ ಅನ್ನೋದನ್ನ ಮೀಟರ್ ನೇರವಾಗಿ ತೋರ್ಸುತ್ತೆ, 0.2 ಅಥವಾ 0.3 ದಾಟ್ಬಾರ್ದು. ಅದೇ ಥರ ಆಲ್ಟರ್ನೇಟರ್ ಬಾಡಿಗೂ ಬ್ಯಾಟರಿ ನೆಗೆಟಿವ್ ಗೂಟಕ್ಕೂ ನಡುವೆ ನೋಡಿ, 0.2 ಒಳಗಿರ್ಬೇಕು. ಜಾಸ್ತಿ ಬಂದ್ರೆ ಅರ್ಥ್ ಪಟ್ಟಿ (ಬ್ಯಾಟರಿ ನೆಗೆಟಿವನ್ನ ಬಾಡಿಗೂ ಇಂಜಿನ್ನಿಗೂ ಸೇರ್ಸೋದು), ಅದರ ಬೋಲ್ಟ್, ಅದು ಕೂರೋ ಜಾಗದ ತುಕ್ಕು ನೋಡಿ. ಅರ್ಥ್ ಕೆಟ್ಟಿದ್ರೆ ಸಾಮಾನ್ಯವಾಗಿ ಸೆಲ್ಫೂ ನಿಧಾನ ಹೊಡೆಯುತ್ತೆ, ಅದೊಂದು ಗುರುತು. ಬಿ ಪ್ಲಸ್ ಬೋಲ್ಟ್ ಯಾವಾಗ್ಲೂ ಬ್ಯಾಟರಿಗೆ ನೇರ ಕನೆಕ್ಟ್ ಆಗಿರುತ್ತೆ, ಕೀ ಆಫ್ ಇದ್ರೂನೂ, ಅಲ್ಲಿ ಸ್ಪ್ಯಾನರ್ ಬಾಡಿಗೆ ತಾಗಿದ್ರೆ ದೊಡ್ಡ ಕಿಡಿ. ಓಡೋ ಬೆಲ್ಟ್ ಹತ್ರ ಕೈ ಹಾಕೋವಾಗ ತೋಳು, ದುಪಟ್ಟಾ, ಸಡಿಲ ಕೂದಲು ಜೋಪಾನ, ರೇಡಿಯೇಟರ್ ಫ್ಯಾನ್ ಹೇಳ್ದೇ ಕೇಳ್ದೇ ತಿರುಗುತ್ತೆ.

ಬಿ ಪ್ಲಸ್ ಮೇಲೆ 14 ಚಿಲ್ಲರೆ ಇದ್ದು ಬ್ಯಾಟರಿಗೆ ಏನೂ ಬರ್ತಿಲ್ಲ ಅಂದ್ರೆ ನಡುವಿನ ಮೇನ್ ಫ್ಯೂಸ್ ನೋಡಿ. ಜಂಪ್ ಸ್ಟಾರ್ಟ್ (ಬೇರೆ ಬ್ಯಾಟರಿಯಿಂದ ಕೇಬಲ್ ಎಳೆದು ಸ್ಟಾರ್ಟ್) ಮಾಡೋವಾಗ ಕೇಬಲ್ ಉಲ್ಟಾ ಹಾಕಿದ ಗಾಡಿಗಳಲ್ಲಿ ಇದು ಸುಟ್ಟಿರೋ ಸಾಧ್ಯತೆ ತುಂಬಾ, ಜೊತೆಗೆ ಡಯೋಡ್‌ಗಳೂ ಹೋಗಿರ್ಬಹುದು.

ತಪ್ಪು ಆಲ್ಟರ್ನೇಟರ್ ಒಳಗೇ ಇದ್ರೆ

ಬಿ ಪ್ಲಸ್ ಮೇಲೇ 12 ಚಿಲ್ಲರೆ ಇದ್ರೆ ಆಗ ಆಲ್ಟರ್ನೇಟರನ್ನ ಅನುಮಾನಿಸಿ, ಅದಕ್ಕೂ ಮುಂಚೆ ಅದರ ಹಿಂದಿರೋ ಸಣ್ಣ ಪ್ಲಗ್ ತೆಗೆದು ಪಿನ್ ಹಸಿರು ಹಿಡಿದಿದೆಯಾ, ಸಡಿಲ ಇದೆಯಾ ನೋಡಿ. ನನಗೆ ಇಷ್ಟ ಆಗಿರೋ ಒಂದು ಸುಲಭ ಟೆಸ್ಟ್ ಇದೆ. ಹಳೇ ಥರದ, ಲೈಟ್ ಮೂಲಕ ಎಚ್ಚರಾಗೋ ಆಲ್ಟರ್ನೇಟರ್ ಆದ್ರೆ, ಕೀ ಆನ್ ಮಾಡಿ ಇಂಜಿನ್ ಸ್ಟಾರ್ಟ್ ಮಾಡ್ದೇ ಒಂದು ಸ್ಕ್ರೂಡ್ರೈವರ್ ತುದೀನ ಹಿಂದಿನ ಬೇರಿಂಗ್ ಅಥವಾ ಪುಲ್ಲಿ ನಟ್ಟಿನ ಹತ್ರ ಹಿಡೀರಿ, ರೋಟರಿಗೆ ಕರೆಂಟ್ ಹೋಗ್ತಿದ್ರೆ ಸ್ಕ್ರೂಡ್ರೈವರನ್ನ ಎಳ್ಕೊಳ್ಳುತ್ತೆ, ಕೈಗೆ ಗೊತ್ತಾಗುತ್ತೆ. ಎಳೀಲಿಲ್ಲ ಅಂದ್ರೆ ಕಾರ್ಬನ್ (ರೋಟರಿಗೆ ಕರೆಂಟ್ ಮುಟ್ಟಿಸೋ ಬ್ರಷ್) ಸವೆದಿದೆ, ಅಥವಾ ರೆಗ್ಯುಲೇಟರ್ ಹೋಗಿದೆ, ಅಥವಾ ಸಣ್ಣ ವೈರಲ್ಲಿ ಕರೆಂಟ್ ಬರ್ತಿಲ್ಲ.

ಕಾರ್ಬನ್ ಸವೆದ ಗಾಡಿ ನಡವಳಿಕೆನೇ ಬೇರೆ. ಲೈಟ್ ಒಂದ್ಸಲ ಬರುತ್ತೆ, ಗುಂಡಿ ಹಾರಿದ್ರೆ ಹೋಗುತ್ತೆ, ಎರಡು ವಾರ ಸುಮ್ನಿದ್ದು ಮತ್ತೆ ಬರುತ್ತೆ. ಮರದ ಹಿಡಿಯಲ್ಲಿ ಆಲ್ಟರ್ನೇಟರ್ ಬಾಡಿಗೆ ಮೆತ್ತಗೆ ತಟ್ಟಿದ್ರೆ ಚಾರ್ಜ್ ಶುರುವಾಯ್ತು ಅಂದ್ರೆ ಹೆಚ್ಚೂಕಮ್ಮಿ ಕಾರ್ಬನ್ನೇ. ತುಂಬಾ ಆಲ್ಟರ್ನೇಟರ್‌ಗಳಲ್ಲಿ ಕಾರ್ಬನ್ನೂ ರೆಗ್ಯುಲೇಟರೂ ಸೇರಿ ಒಂದೇ ಪೀಸ್ ಬರುತ್ತೆ, ಅದಷ್ಟನ್ನೇ ಬದಲಾಯಿಸ್ಬಹುದು, ಆದ್ರೆ ಅದು ಉಜ್ಜೋ ತಾಮ್ರದ ಬಳೆಗಳು ತೀರಾ ಹಳ್ಳ ಬಿದ್ದಿರ್ಬಾರ್ದು.

ಡಯೋಡ್ ಹೋಗಿದ್ರೆ ಡಿಸಿ ರೀಡಿಂಗ್ ಸುಮಾರಾಗಿ ಸರೀನೇ ಕಾಣ್ಬಹುದು, ಲೋಡ್ ಹಾಕ್ದಾಗ ಸೋಲುತ್ತೆ, ರೇಡಿಯೋದಲ್ಲಿ ರೇಸ್ ಜೊತೆ ಏರೋ ಗುಂಯ್ ಸದ್ದು ಬರುತ್ತೆ. ಮೀಟರನ್ನ ಎಸಿ ವೋಲ್ಟಿಗಿಟ್ಟು ಇಂಜಿನ್ ಓಡ್ತಿರೋವಾಗ ಬ್ಯಾಟರಿ ಮೇಲೆ ಅಳೀರಿ, 0.1ಕ್ಕಿಂತ ಕಮ್ಮಿ ಇದ್ರೆ ಚೆನ್ನಾಗಿದೆ, 0.5 ದಾಟಿದ್ರೆ ಡಯೋಡ್ ಹೋಗಿದೆ. ಒಂದು ಎಚ್ಚರಿಕೆ, ಇಂಜಿನ್ ಆಫ್ ಇದ್ದಾಗ್ಲೇ ಎಸಿ ರೇಂಜಲ್ಲಿ 27, 28 ಅಂತ ತೋರ್ಸಿದ್ರೆ ಅದು ಗಾಡಿ ತಪ್ಪಲ್ಲ, ಅಗ್ಗದ ಕೆಲವು ಮೀಟರ್‌ಗಳು ಡಿಸಿನೇ ಎಸಿ ಅಂದ್ಕೊಂಡು ದುಪ್ಪಟ್ಟು ತೋರ್ಸ್ತವೆ, ಆ ಮೀಟರಲ್ಲಿ ಈ ಟೆಸ್ಟ್ ಬೇಡ.

ಹೊಸ ಗಾಡಿಗಳಲ್ಲಿ ಒಂದು ವ್ಯತ್ಯಾಸ ಇದೆ. ಬ್ಯಾಟರಿ ನೆಗೆಟಿವ್ ಕ್ಲಾಂಪ್ ಮೇಲೆ ಸಣ್ಣ ಪ್ಲಗ್ ಹಾಕಿರೋ ಒಂದು ಡಬ್ಬಿ ಇದ್ರೆ ಅದು ಬ್ಯಾಟರಿ ಸೆನ್ಸರ್, ಚಾರ್ಜಿಂಗನ್ನ ಇಸಿಯು ನಡೆಸ್ತಿದೆ. ಅಂಥ ಗಾಡೀಲಿ ಸುಮ್ನೆ ಓಡ್ತಿರೋವಾಗ 12.8 ಕಾಣ್ಬಹುದು, ಆಕ್ಸಿಲರೇಟರ್ ಬಿಟ್ಟ ಕೂಡ್ಲೇ 15ರ ಹತ್ರ ಏರ್ಬಹುದು, ಎರಡೂ ತಪ್ಪಲ್ಲ. ಹೆಡ್‌ಲೈಟ್ ಹಾಕಿ ನೋಡಿ, ಸಾಮಾನ್ಯವಾಗಿ ಆಗ 14ರ ಹತ್ರ ಬಂದು ನಿಲ್ಲುತ್ತೆ. ಸ್ಟಾರ್ಟ್ ಸ್ಟಾಪ್ (ಸಿಗ್ನಲಲ್ಲಿ ಇಂಜಿನ್ ತಾನೇ ಆಫ್ ಆಗಿ ಆನ್ ಆಗೋದು) ಇರೋ ಗಾಡಿಗೆ ಎಜಿಎಂ ಅಥವಾ ಇಎಫ್‌ಬಿ ಬ್ಯಾಟರಿ (ಪದೇ ಪದೇ ಸ್ಟಾರ್ಟ್ ಆಗೋದನ್ನ ತಡ್ಕೊಳ್ಳೋ ಥರದವು) ಬಂದಿದ್ರೆ ಅದೇ ಥರದ್ದನ್ನೇ ಹಾಕ್ಬೇಕು, ಮಾಮೂಲಿ ಬ್ಯಾಟರಿ ಹಾಕಿದ್ರೆ ಬೇಗ ಸಾಯುತ್ತೆ. ಇಂಥ ಗಾಡೀಲಿ ಸ್ಕ್ಯಾನರ್ ಹಾಕಿ ಕೋಡ್ ಓದ್ಸೋದು ದಂಡ ಅಲ್ಲ.

ಚಾರ್ಜಿಂಗ್ ಸರಿ ಇದ್ದೂ ಬೆಳಗ್ಗೆ ಡೌನ್ ಆಗ್ತಿದ್ರೆ

ಲೈಟ್ ಇಲ್ಲ, 14.2 ಬರ್ತಿದೆ, ಆದ್ರೂ ಎರಡು ದಿನ ನಿಲ್ಸಿದ್ರೆ ಟಿಕ್ ಟಿಕ್ ಅಂತ ಮಾತ್ರ ಬರುತ್ತೆ ಅಂದ್ರೆ ಗಾಡಿ ನಿಂತಾಗ ಯಾವುದೋ ಕುಡೀತಿದೆ. ನಿಂತ ಗಾಡಿ 50 ಮಿಲಿಆಂಪ್ ಒಳಗೆ ಎಳೀಬೇಕು. ದಿನಕ್ಕೆ 1.2 ಆಂಪ್ ಅವರ್ ಆಯ್ತು, 45ರ ಬ್ಯಾಟರಿ ಅರ್ಧ ಆಗೋಕೆ ಹದಿನೆಂಟು ಹತ್ತೊಂಬತ್ತು ದಿನ. ಅದೇ ಅರ್ಧ ಆಂಪ್ ಎಳೀತಿದ್ರೆ ಎರಡು ದಿನಾನೂ ಬೇಡ.

ಬಾನೆಟ್ ತೆಗೆದಿಟ್ಟು, ಬಾಗಿಲಿನ ಲಾಕ್ ನಾಲಿಗೇನ ಸ್ಕ್ರೂಡ್ರೈವರಲ್ಲಿ ಮುಚ್ಚಿದಂಗೆ ಮಾಡಿ (ಬಾಗಿಲು ತೆರೆದಿದ್ರೂ ಮುಚ್ಚಿದೆ ಅಂತ ಗಾಡಿ ಅಂದ್ಕೊಳ್ಳಲಿ ಅಂತ, ಆಮೇಲೆ ಹ್ಯಾಂಡಲ್ ಎಳೆದು ಬಿಡಿಸದೇ ಬಾಗಿಲು ಹಾಕ್ಬೇಡಿ), ಕೀ ದೂರ ಇಟ್ಟು, ಮುಕ್ಕಾಲು ಗಂಟೆ ಬಿಡಿ, ಒಳಗಿನ ಎಲೆಕ್ಟ್ರಾನಿಕ್ ಮಾಡ್ಯೂಲ್‌ಗಳು ಮಲಗೋಕೆ ಅಷ್ಟು ಹೊತ್ತು ಬೇಕಾಗ್ಬಹುದು. ಆಮೇಲೆ ಒಂದೊಂದು ಫ್ಯೂಸಿನ ನೆತ್ತಿ ಮೇಲಿರೋ ಎರಡು ಸಣ್ಣ ಲೋಹದ ಚುಕ್ಕಿಗೆ ಮೀಟರ್ ಕಡ್ಡಿ ಮುಟ್ಟಿಸಿ ಮಿಲಿವೋಲ್ಟಲ್ಲಿ ನೋಡಿ. ಸೊನ್ನೆ ಇದ್ರೆ ಅದ್ರಲ್ಲಿ ಕರೆಂಟ್ ಹರೀತಿಲ್ಲ, ಏನಾದ್ರೂ ತೋರ್ಸಿದ್ರೆ ಆ ಲೈನ್ ಇನ್ನೂ ಮಲಗಿಲ್ಲ. ಫ್ಯೂಸ್ ಕೀಳೋದು ಬೇಡ, ಕಿತ್ತು ಹಾಕಿದ್ರೆ ಮಾಡ್ಯೂಲ್ ಮತ್ತೆ ಏಳುತ್ತೆ. ಹೊರಗಿಂದ ಹಾಕ್ಸಿದ ಮ್ಯೂಸಿಕ್ ಸಿಸ್ಟಂ, ಕ್ಯಾಮೆರಾ, ಟ್ರ್ಯಾಕರ್, ಡಿಕ್ಕಿ ಲೈಟ್, ಇವನ್ನ ಮೊದಲು ನೋಡಿ. ಯಾವ ಫ್ಯೂಸೂ ಸಿಗಲಿಲ್ಲ ಅಂದ್ರೆ ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡೋ ಮೊದಲು ಆಲ್ಟರ್ನೇಟರ್ ಮುಟ್ಟಿ ನೋಡಿ, ರಾತ್ರಿಯಿಡೀ ನಿಂತಿದ್ದೂ ಅದೊಂದೇ ಬೆಚ್ಚಗಿದ್ರೆ ಶಾರ್ಟ್ ಆದ ಡಯೋಡ್ ಮೂಲಕ ಬ್ಯಾಟರಿ ಅಲ್ಲೇ ಇಳೀತಿದೆ.

ಸರಿ ಮಾಡಿದ ಮೇಲೆ

ಪೂರ್ತಿ ಇಳಿದ ಬ್ಯಾಟರೀನ ಜಂಪ್ ಕೊಟ್ಟು ಸ್ಟಾರ್ಟ್ ಮಾಡಿ ಓಡ್ಸಿ ತುಂಬ್ಸೋಕೆ ಹೋಗ್ಬೇಡಿ. ಹೊಸ ಆಲ್ಟರ್ನೇಟರ್ ಹಾಕಿದ ದಿನಾನೇ ಅದಕ್ಕೆ ಖಾಲಿ ಬ್ಯಾಟರಿ ತುಂಬ್ಸೋ ಕೆಲಸ ಕೊಟ್ರೆ ಗಂಟೆಗಟ್ಲೆ ಫುಲ್ ಕರೆಂಟಲ್ಲಿ ಕಾಯುತ್ತೆ. ಬ್ಯಾಟರೀನ ಚಾರ್ಜರಿಗೆ ಹಾಕಿ ರಾತ್ರಿಯಿಡೀ ನಿಧಾನಕ್ಕೆ ತುಂಬ್ಸಿ, ಕೆಲವು ಗಂಟೆ ಸುಮ್ನೆ ಬಿಟ್ಟು 12.6 ನಿಂತಿದೆಯಾ ನೋಡಿ, ಆಮೇಲೆ ಗಾಡಿಗೆ ಹಾಕಿ ಮೂರೂ ರೀಡಿಂಗ್ ಮೊದಲಿಂದ ತಗೊಳ್ಳಿ, ಲೋಡ್ ಹಾಕಿ ಬಿ ಪ್ಲಸ್‌ಗೂ ಬ್ಯಾಟರಿಗೂ ನಡುವಿನದ್ದೂ ಸೇರ್ಸಿ. ಆ ನಾಲ್ಕು ಅಂಕಿ, ತಾರೀಖು ಒಂದು ಚೀಟೀಲಿ ಬರೆದು ಗಾಡಿ ಪೇಪರ್ ಜೊತೆ ಇಟ್ಬಿಡಿ. ಮುಂದಿನ ಸಲ ಲೈಟ್ ಬಂದಾಗ ಇಂಟರ್ನೆಟ್ಟಲ್ಲಿ ಯಾರೋ ಹೇಳಿದ ಅಂಕಿ ಜೊತೆ ಹೋಲ್ಸೋ ಬದ್ಲು ನಿಮ್ಮ ಗಾಡಿ ಚೆನ್ನಾಗಿದ್ದಾಗ ಎಷ್ಟಿತ್ತು ಅಂತ ಹೋಲ್ಸಿ ನೋಡ್ಬಹುದು.